ಗುರುಪಾದ ಹಾಡಿನ ಶೂಟಿಂಗಿಗೆ ಹೋದದ್ದು

ಬ್ಯಾಡಗಿಯಲ್ಲಿ ನೀಲವ್ವ ಅಂತ ಒಬ್ಬಳು ತಾಯಿ, ಆಕೆಗೆ ಗುರುಪಾದ ಅಂತ ಒಬ್ಬನೇ ಮಗ. ಮಗನಿಗೆ ಇಪ್ಪತ್ತೊಂದು ತುಂಬಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಹಾಗಂತ ಹೇಳಿದ ಮಾತು ಮೀರುವ ಹುಡುಗನಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಒಮ್ಮೆ ನೀಲವ್ವ ಅಂಗಳದಲ್ಲಿ ಸಂಡಿಗೆ ಹಾಕಿ, “ಕೋಳಿ ಬಂದರ ಓಡಸು” ಅಂತ ಹೇಳಿ ಹೋದಳು. ಕೋಳಿ ಬಂದವು, ಓಡಿಸಿದ. ಆಡು ಬಂದವು, ಸರಿದು ಕೂತು ದಾರಿ ಬಿಟ್ಟ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಅದು ಸಂಡಿಗೆಯನ್ನೂ ಬಿಡುವುದಿಲ್ಲ ಅನ್ನುವುದು ನೀಲವ್ವನಿಗೆ ಅವತ್ತು ಗೊತ್ತಾಯಿತು.

“ಕಣ್ಣ ಮುಂದ ತಿಂದು ಹೋದವಲ್ಲೋ, ಏನ ಮಾಡಾಕತ್ತಿದ್ದಿ?”

“ಕೋಳಿ ಕಾಯಾಕತ್ತಿದ್ದೆ, ಬೇ.”

ಇಂಥ ಮಗನನ್ನು ನೀಲವ್ವ ಕಾಲೇಜಿಗೆ ಹಾಕಿದ್ದಳು. ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವಳು. ಸಂಜೆ ಮನೆಗೆ ಬಂದರೆ ಬೆರಳು ಉರಿಯುತ್ತಿದ್ದವು, ಆ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಅದಕ್ಕೇ ಆಕೆ ಅಳುವುದನ್ನೇ ಬಿಟ್ಟಿದ್ದಳು. ಮಗನ ಕೈ ಹೀಗೆ ಉರಿಯಬಾರದು, ಅವನೊಂದು ಡಿಗ್ರಿ ಮುಗಿಸಬೇಕು, ಆಕೆಗಿದ್ದ ಆಸೆ ಅದೊಂದೇ. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡೋಣ.

ಗುರುಪಾದ ಸೇರಿದ್ದು ಮಾಧ್ಯಮದ ಕೋರ್ಸು. ಕೊನೆಯ ವರ್ಷ ಅಲ್ಲಿ ಒಂದು ಕಟ್ಟುಪಾಡು. ಹುಡುಗರು ಗುಂಪು ಕಟ್ಟಿಕೊಂಡು ಒಂದು ಹಾಡಿನ ವಿಡಿಯೋ ಮಾಡಬೇಕು. ವಿಡಿಯೋದ ಕೊನೆಯಲ್ಲಿ ಪರದೆಯ ಮೇಲೆ ಯಾರ ಹೆಸರು ಬರುತ್ತದೋ ಅವರು ಪಾಸು, ಹೆಸರಿಲ್ಲದವರು ನಪಾಸು. ಗುರುಪಾದನ ಹೆಸರು ಹೋದ ವರ್ಷ ಬರಲಿಲ್ಲ. ಈ ವರ್ಷವೂ ಬರದಿದ್ದರೆ ಕಾಲೇಜಿನಿಂದ ಹೊರಗೆ. ಯಾವ ಗುಂಪೂ ಅವನನ್ನು ಸೇರಿಸಿಕೊಳ್ಳದಿದ್ದಾಗ ಹಾದಿಮನಿ ಸರ್ ಅವನನ್ನು ತಬಸ್ಸುಮ್ ಅನ್ನುವ ಹುಡುಗಿಯ ಗುಂಪಿಗೆ ಗಂಟು ಹಾಕಿದರು. ಗುಂಪು ಅಂದರೂ ಇಬ್ಬರೇ. ತಬಸ್ಸುಮ್ ಕ್ಯಾಮೆರಾ ಹಿಡಿದು ನಿರ್ದೇಶನ ಮಾಡುವವಳು, ಫಕ್ಕೀರೇಶ ಹಾಡಿ ಕುಣಿಯುವ ಹೀರೋ.

ಮೊದಲ ದಿನ ಹೊರಟವನಿಗೆ ನೀಲವ್ವ ಹೇಳಿದಳು: “ಎದುರು ಮಾತಾಡಬ್ಯಾಡ. ಅವರು ಏನ ಕೇಳಿದರೂ ಹೂಂ ಅನ್ನು.”

ಹೋದ. ಮೂವರೂ ಕಾಲೇಜಿನ ಕಟ್ಟೆಯ ಮೇಲೆ ಕೂತರು. ಫಕ್ಕೀರೇಶ ತಾನೇ ಬರೆದು ಹಾಡಿ ರೆಕಾರ್ಡು ಮಾಡಿದ್ದ ಹಾಡು ಕೇಳಿಸಿದ. ‘ನೀ ಬಿಟ್ಟು ಹೋದ ಮ್ಯಾಲ ಬಾಳೆಲ್ಲ ಬರಿ ಖಾರ’ ಅಂತ ಅಳುವ ಹಾಡು. ಖಾರದ ಹಾಡಿಗೆ ಮೆಣಸಿನಕಾಯಿ ರಾಶಿಯೇ ಸರಿ, ಮಾರುಕಟ್ಟೆಯಲ್ಲಿ ಶೂಟಿಂಗ್ ಅಂತ ತಬಸ್ಸುಮ್ ತೀರ್ಮಾನಿಸಿದಳು. ಕೆಂಪು ರಾಶಿಗಳ ನಡುವೆ ಹೀರೋ ಬಿಳಿ ಕುದುರೆ ಏರಿ ಬಂದರೆ ಹೇಗೆ?

“ಗುರುಪಾದ, ಕುದುರಿ ಸಿಗತೈತೇನು?”

“ಹೂಂ.”

“ಬಿಳಿದು?”

“ಹೂಂ.”

“ದೊಡ್ಡ ಸ್ಪೀಕರ್? ಅದನ್ನ ಇಡಾಕ ಟ್ರ್ಯಾಕ್ಟರ್?”

“ಹೂಂ, ಹೂಂ.”

ಇಂಥ ಕೆಲಸಗಾರನನ್ನು ಊರೆಲ್ಲ ಪೆದ್ದ ಅನ್ನುತ್ತದಲ್ಲ ಅಂತ ತಬಸ್ಸುಮ್ ಬೇಸರ ಪಟ್ಟುಕೊಂಡಳು. ಮರುದಿನ ಮುಂಜಾನೆ ಫಕ್ಕೀರೇಶ ಜರಿಯ ಪೇಟ ಸುತ್ತಿ, ಸೊಂಟಕ್ಕೆ ಕತ್ತಿ ಕಟ್ಟಿ ನಿಂತ. ಗುರುಪಾದ ಬರಿಗೈಯಲ್ಲಿ ಬಂದ.

“ಕುದುರಿ ಎಲ್ಲೈತಿ?”

“ಹೂಂ.”

“ತಂದಿ ಇಲ್ಲೋ?”

“ಹೂಂ.”

ಆ ದಿನ ಹಾಳಾಯಿತು. ತಬಸ್ಸುಮ್ ಖಡಾಖಂಡಿತವಾಗಿ ಹೇಳಿದಳು, ಇನ್ನೂ ಹೀಗೇ ಮಾಡಿದರೆ ನಿನ್ನ ಹೆಸರು ಹಾಕುವುದಿಲ್ಲ. ಸಂಜೆ ಸುದ್ದಿ ಕೇಳಿ ನೀಲವ್ವ ಹಣೆ ಹಣೆ ಬಡಿದುಕೊಂಡಳು.

“ನಮ್ಮನ್ಯಾಗ ಕುದುರಿ ಐತೇನಲೇ? ಇಲ್ಲದ್ದಕ್ಕ ಯಾರಾದರೂ ಹೂಂ ಅಂತಾರೇನು? ಇಲ್ಲ ಅನ್ನಬೇಕು. ನಾಳಿಂದ ಯಾರ ಏನ ಕೇಳಿದರೂ ಇಲ್ಲ ಅನ್ನು.”

“ಆತು, ಬೇ.”

ಮರುದಿನ ಕುದುರೆ ಬಿಟ್ಟು, ಪೇಟ ಬಿಟ್ಟು, ಬರೀ ಹಾಡು ಹಿಡಿದುಕೊಂಡು ಮಾರುಕಟ್ಟೆಗೆ ಹೋದರು. ಒಳಗೆ ಶೂಟಿಂಗ್ ಮಾಡಬಹುದು ಅಂತ ಹಾದಿಮನಿ ಸರ್ ಓಡಾಡಿ ಒಂದು ಪರವಾನಗಿ ಪತ್ರ ಕೊಡಿಸಿದ್ದರು, ಸೀಲು ಹೊಡೆದದ್ದು. ಪತ್ರವನ್ನು ಗುರುಪಾದನ ಅಂಗಿಯ ಕಿಸೆಯಲ್ಲಿಟ್ಟು, ಅವನನ್ನು ಗೇಟಿನಲ್ಲಿ ನಿಲ್ಲಿಸಿ ಇಬ್ಬರೂ ಒಳಗೆ ಹೋದರು. ಕಾವಲುಗಾರ ಬಂದ.

“ಒಳಗ ಕ್ಯಾಮೆರಾ ಹಿಡದಾರಲ್ಲ, ಪರವಾನಗಿ ಐತೇನು?”

“ಇಲ್ಲ.”

“ಕಾಲೇಜಿನವರೇನು?”

“ಇಲ್ಲ.”

“ಮತ್ತ ಯಾರವರು? ನಿನಗ ಗೊತ್ತೇನು?”

“ಇಲ್ಲ.”

ಕಾವಲುಗಾರ ಇಬ್ಬರನ್ನೂ ಗೇಟಿನ ಹೊರಗೆ ತಂದು ಬಿಟ್ಟ. ಫಕ್ಕೀರೇಶ ಗುರುಪಾದನ ಕಿಸೆಯಿಂದ ಪತ್ರ ಎಳೆದು ತೋರಿಸುವಷ್ಟರಲ್ಲಿ ಆತ ಗೇಟು ಹಾಕಿ ಊಟಕ್ಕೆ ಹೋಗಿಯಾಗಿತ್ತು. ಆ ದಿನವೂ ಹಾಳಾಯಿತು. ಕಾಲೇಜಿನಲ್ಲಿ ವಿಡಿಯೋ ತೋರಿಸಲು ಉಳಿದದ್ದು ಎರಡೇ ದಿನ.

“ಕಿಸೆದಾಗ ಪತ್ರ ಇಟಗೊಂಡು ಇಲ್ಲ ಅಂದ್ಯಾ?” ಅಂದಳು ನೀಲವ್ವ. “ಅಂಥಾ ಪತ್ರ ಕೈಯಾಗ ಇದ್ದರ ಯಾರೂ ಕೇಳೂತನಕ ಕಾಯಬಾರದಪಾ. ಯಾರ ನಿನ್ನ ಕಡೆ ನೋಡಿದರೂ ಸಾಕು, ಎತ್ತಿ ತೋರಸು.”

“ಆತು, ಬೇ.”

ಮರುದಿನ ಕಾವಲುಗಾರ ಪತ್ರ ಓದಿ ತಾನೇ ಗೇಟು ತೆಗೆದ. ರಾಶಿಗಳ ನಡುವೆ ಒಂದು ಸಣ್ಣ ಸ್ಪೀಕರಿನಲ್ಲಿ ಹಾಡು ಹೊರಟಿತು, ಫಕ್ಕೀರೇಶ ತುಟಿ ಆಡಿಸುತ್ತ ಎದೆ ಎದೆ ಬಡಿದುಕೊಂಡ. ತಬಸ್ಸುಮ್ ಮೊಬೈಲಿನಲ್ಲಿ ಶೂಟ್ ಮಾಡಿದಳು. ಬಿಸಿಲಿಗೆ ಮೊಬೈಲಿನ ಪರದೆ ಕಪ್ಪಗೆ ಕಾಣುತ್ತಿತ್ತು, ಆಕೆ ಅಂದಾಜಿನ ಮೇಲೆ ತಿರುಗಿಸುತ್ತಿದ್ದಳು. ಇಡೀ ದಿನ ಗುರುಪಾದ ಒಂದೂ ತಪ್ಪು ಮಾಡಲಿಲ್ಲ. ಯಾರೂ ಬೈಯಲಿಲ್ಲ. ಅವನು ಹಿಗ್ಗಿ ಹೀರೇಕಾಯಿಯಾದ.

ಸಂಜೆ ಕಾಲೇಜಿನ ಕಂಪ್ಯೂಟರಿಗೆ ಹಾಕಿ ನೋಡಿದರು. ಫಕ್ಕೀರೇಶ ಅಳುತ್ತಿದ್ದಾನೆ, ಅವನ ಹೆಗಲ ಹಿಂದೆ ಗುರುಪಾದ ಎರಡೂ ಕೈಯಲ್ಲಿ ಪತ್ರ ಎತ್ತಿ ಹಿಡಿದು ನಿಂತಿದ್ದಾನೆ. ಫಕ್ಕೀರೇಶ ಮೊಣಕಾಲೂರಿದ್ದಾನೆ, ಹಿಂದೆ ಗುರುಪಾದ, ಪತ್ರ. ಫಕ್ಕೀರೇಶ ಆಕಾಶ ನೋಡುತ್ತಿದ್ದಾನೆ, ರಾಶಿಯ ತುದಿಯಲ್ಲಿ ಗುರುಪಾದ, ಪತ್ರ. ಕ್ಯಾಮೆರಾ ತನ್ನ ಕಡೆ ನೋಡಿದಾಗಲೆಲ್ಲ ಪಾಪ, ಅವನು ಎತ್ತಿ ತೋರಿಸಿದ್ದ.

ತಬಸ್ಸುಮ್ ವಿಡಿಯೋ ನಿಲ್ಲಿಸಿದಳು. ಕೊನೆಗೆ ಮೆಲ್ಲಗೆ ಅಂದಳು, “ನಾಳೆ ಒಂದ ದಿನ ಉಳದೈತಿ. ನಾಳೆ ನೀ ಏನಾದರೂ ಮಾಡಿದಿ ಅಂದರ ನಿನ್ನ ಹೆಸರು ಹೊಡದು ಹಾಕತೀನಿ. ಸರ್ ಅಲ್ಲ, ಅವರಪ್ಪ ಹೇಳಿದರೂ ಕೇಳಂಗಿಲ್ಲ.”

ಆ ರಾತ್ರಿ ಗುರುಪಾದ ಎಲ್ಲವನ್ನೂ ಅವ್ವನಿಗೆ ಹೇಳಿದ. ಅವ್ವ ಹೇಳಿದ್ದರಲ್ಲಿ ಒಂದಕ್ಷರ ಮೀರಿಲ್ಲ, ಆದರೂ ಹೆಸರು ಹೋಗುತ್ತದಂತೆ. ಅವನಿಗೆ ನಿಜವಾಗಿಯೂ ದುಃಖವಾಯಿತು. ನೀಲವ್ವನಿಗೆ ಅವನಿಗಿಂತ ಹೆಚ್ಚು.

“ಚಿತ್ರ ಹಿಡ್ಯೂದು ಮುಗದ ಮ್ಯಾಲ ಆ ಹುಡುಗಿ ಏನಂತಾಳ?”

“ಕಟ್ ಅಂತಾಳ.”

“ಹಂಗಾರ ಆಕಿ ಕಟ್ ಅನ್ನೂತನಕ ಒಂದ ಮೂಲಿಗೆ ಕಲ್ಲಿನಂಗ ನಿಲ್ಲು. ಸಿಡಿಲು ಬಿದ್ದರೂ ಅಲಗಾಡಬ್ಯಾಡ.”

“ಆತು, ಬೇ.”

ಕೊನೆಯ ದಿನ ತಬಸ್ಸುಮ್ ಅವನ ಕೈಗೆ ಒಂದು ಕೊಡ ನೀರು ಕೊಟ್ಟಳು. ಮೆಣಸಿನಕಾಯಿ ಘಾಟು, ಯಾರಿಗಾದರೂ ಬೇಕಾದೀತು. ಗುರುಪಾದ ಮೂಲೆಗೆ ಹೋಗಿ ಕೊಡ ಹೊತ್ತು ನಿಂತ. ಫಕ್ಕೀರೇಶ ಎಲ್ಲಕ್ಕಿಂತ ಎತ್ತರದ ರಾಶಿ ಹತ್ತಿದ, ‘ಬರಿ ಖಾರ’ ಅಂತ ಎರಡೂ ಕೈ ಚಾಚಿದ, ಕಾಲು ಜಾರಿತು. ಕಾಯಿಯೊಳಗೆ ತಲೆಕೆಳಗಾಗಿ ಹೋದ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ. ಹಾಗೆ ಅನ್ನುವವರು ಅದರಲ್ಲಿ ಮುಳುಗಿದವರಲ್ಲ.

ಕೆಂಪು ಧೂಳೆದ್ದಿತು. ಫಕ್ಕೀರೇಶ ಎದ್ದು ಬಂದ, ಮೂಗು ಕೆಂಪು, ಕಣ್ಣು ಕೆಂಪು, “ನೀರು, ನೀರು” ಅಂತ ಸೀನಿದ. ಕ್ಯಾಮೆರಾ ಹಿಡಿದೇ ತಬಸ್ಸುಮ್ ಸೀನಿದಳು. ಕಾವಲುಗಾರ ಸೀನಿದ, ಹಮಾಲರು ಸೀನಿದರು. ಫಕ್ಕೀರೇಶ ತಡವರಿಸುತ್ತ ಗುರುಪಾದನವರೆಗೂ ಬಂದು ಅವನ ಕಾಲು ಹಿಡಿದುಕೊಂಡ. ಗುರುಪಾದನ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಆದರೆ ಕೊಡ ಅಲುಗಾಡಲಿಲ್ಲ. ಕಟ್ ಅನ್ನಬೇಕಾದವಳು ಬಾಯಿ ತೆರೆದರೆ ಬರುತ್ತಿದ್ದದ್ದು ಸೀನು. ಹಾಡು ಪೂರ್ತಿ ಮುಗಿಯಿತು, ಕಟ್ ಬರಲಿಲ್ಲ.

ಆ ಸಂಜೆ ಎಲ್ಲ ಕೇಳಿ ನೀಲವ್ವ ಬೈದಳು. “ಮನಶಾ ಸಾಯಾಕತ್ತಾನ, ನೀ ಕಟ್ ಕಾಯಾಕತ್ತಿದ್ದಿ? ಇನ್ನ ಯಾರ ಅಪ್ಪಣಿಗೂ ಕಾಯಬ್ಯಾಡ. ಎದುರಿಗಿದ್ದವರ ಕಣ್ಣಾಗ ನೀರು ಬಂದಿದ್ದು ಕಂಡರ ಓಡಿ ಹೋಗಿ ಮಾರಿಗೆ ನೀರು ಗೊಜ್ಜು.” ಹೆಸರು ಹೋದ ಹಾಗೆಯೇ ಅಂತ ಆಕೆಗೆ ಅನ್ನಿಸಿಬಿಟ್ಟಿತ್ತು.

ಅತ್ತ ಕಾಲೇಜಿನಲ್ಲಿ ತಬಸ್ಸುಮ್ ಕಂಪ್ಯೂಟರ್ ಮುಂದೆ ಕೂತಿದ್ದಳು. ಮರುದಿನ ಪ್ರದರ್ಶನ, ಕೈಯಲ್ಲಿದ್ದದ್ದು ಎರಡು ದಿನದ ಚಿತ್ರ. ಪತ್ರ ಬಿಟ್ಟರೆ ಸೀನು, ಸೀನು ಬಿಟ್ಟರೆ ಪತ್ರ. ಬೇರೆ ದಾರಿಯಿಲ್ಲದೆ ಇದ್ದದ್ದನ್ನೇ ಜೋಡಿಸಿದಳು. ಗುರುಪಾದನ ಹೆಸರು ಅಳಿಸಲು ಬೆರಳು ಇಟ್ಟಳು, ತೆಗೆದಳು. ಇಡೀ ವಿಡಿಯೋದಲ್ಲಿ ಹೀರೋಗಿಂತ ಹೆಚ್ಚು ಹೊತ್ತು ಇರುವವನೇ ಅವನು. ಅವನ ಹೆಸರಿಲ್ಲ ಅಂದರೆ ನೋಡಿದವರು ಕೇಳುವುದಿಲ್ಲವೇ?

ಪ್ರದರ್ಶನಕ್ಕೆ ನೀಲವ್ವ ಅರ್ಧ ದಿನದ ಕೂಲಿ ಬಿಟ್ಟು ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಗುರುಪಾದ ಬಾಗಿಲ ಬಳಿ ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ನಿಂತ, ಬೈಯುವವರ ಕೈಗೆ ಸಿಗದ ಹಾಗೆ. ದೀಪ ಆರಿತು, ಹಾಡು ಶುರುವಾಯಿತು. ‘ನೀ ಬಿಟ್ಟು ಹೋದ ಮ್ಯಾಲ’ ಅಂತ ಫಕ್ಕೀರೇಶ ಎದೆ ಬಡಿದುಕೊಂಡ, ಹಿಂದೆ ಒಬ್ಬ ಸೀಲು ಹೊಡೆದ ಪತ್ರ ತೋರಿಸಿದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ‘ಬಾಳೆಲ್ಲ ಬರಿ ಖಾರ’ ಅನ್ನುವಾಗ ಹೀರೋ ರಾಶಿಯೊಳಗೆ ಮುಳುಗಿದ, ಮೂಲೆಯಲ್ಲಿ ಒಬ್ಬ ಕೊಡ ಹೊತ್ತು ಗುಡಿಯ ದ್ವಾರಪಾಲಕನ ಹಾಗೆ ನಿಂತೇ ಇದ್ದ. ಆಮೇಲೆ ಹಾಡು ಯಾರಿಗೂ ಕೇಳಿಸಲಿಲ್ಲ. ಹಾದಿಮನಿ ಸರ್ ಹೊಟ್ಟೆ ಹಿಡಿದುಕೊಂಡು ಪಕ್ಕದವರ ಮೇಲೆ ಒರಗಿದರು.

ನೀಲವ್ವ ಒಬ್ಬಳೇ ನಗಲಿಲ್ಲ. ಆಕೆ ಹೆಸರಿಗೆ ಕಾಯುತ್ತಿದ್ದಳು. ಆಕೆಯ ಓದು ಎರಡನೆಯ ಇಯತ್ತೆಗೇ ನಿಂತಿತ್ತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕು. ಹಾಡು ಮುಗಿಯಿತು. ಪರದೆ ಕಪ್ಪಾಯಿತು. ತಬಸ್ಸುಮ್ ಹೆಸರು ಬಂತು, ಫಕ್ಕೀರೇಶನ ಹೆಸರು ಬಂತು. ಆಮೇಲೆ ಇನ್ನೊಂದು.

“ಗು... ರು... ಪಾ... ದ.”

ದೀಪ ಹತ್ತಿತು. ಇಷ್ಟು ವರ್ಷ ಅಳದೆ ಇದ್ದ ನೀಲವ್ವನ ಕಣ್ಣು ತುಂಬಿ ಬಂದವು. ಎರಡು ಹನಿ ಕೆನ್ನೆಗಿಳಿದವು.

ಗುರುಪಾದ ಬಾಗಿಲಿನಿಂದ ಅದನ್ನು ಕಂಡ. ಈ ಸಲ ಯಾರ ಅಪ್ಪಣೆಗೂ ಕಾಯಲಿಲ್ಲ. ಡ್ರಮ್ಮಿನ ಮೇಲಿದ್ದ ತಂಬಿಗೆ ತುಂಬಿಕೊಂಡು ಬೆಂಚು ದಾಟಿ ಓಡಿ ಬಂದು ಅವ್ವನ ಮುಖಕ್ಕೆ ರಪ್ಪನೆ ಎರಚಿದ.

ನೀಲವ್ವನ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಕೆ ಮಗನ ಮುಖ ನೋಡಿದಳು. ಬೈಯಲು ಬಾಯಿ ತೆರೆದಳು, ಬುದ್ಧಿ ಹೇಳಲು ಬಾಯಿ ತೆರೆದಳು, ಯಾವುದೂ ಬರಲಿಲ್ಲ, ನಗು ಬಂತು. ನಕ್ಕಳು, ಇನ್ನೂ ನಕ್ಕಳು, ನಕ್ಕೂ ನಕ್ಕೂ ಆಕೆಯ ಕಣ್ಣಲ್ಲಿ ಮತ್ತೆ ನೀರು ಬಂತು.

ಗುರುಪಾದ ಇನ್ನೊಂದು ತಂಬಿಗೆ ತರಲು ಓಡಿದ.