ಮುನಿಸುಗಲ್ಲು ಮಾಳ

ಬಿಳಿಗಲ್ಲಹಟ್ಟಿಯಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಕಮರದ ಮರಗಳ ನಡುವೆ ಒಂದು ಬಯಲು ಸಿಗುತ್ತದೆ. ಕಣಿವೆಯ ಕಾಳಗದಲ್ಲಿ ಮಡಿದ ಹಟ್ಟಿಯ ಹದಿನೇಳು ಆಳುಗಳನ್ನು ಹೂಳಿದ ಜಾಗವಿದು. ಒಂದೊಂದು ಗೋರಿಯ ತಲೆಯ ಬಳಿಯೂ ಸೊಂಟದೆತ್ತರದ ವೀರಗಲ್ಲು ಇದೆ. ಹದಿನಾರು ಕಲ್ಲುಗಳು ಮೂಡಣಕ್ಕೆ, ಊರಿನತ್ತ ಮುಖಮಾಡಿವೆ. ಒಂದು ಮಾತ್ರ ಊರಿಗೆ ಬೆನ್ನು ಹಾಕಿ ನಿಂತಿದೆ. ಅದರಿಂದಲೇ ಈ ನೆಲಕ್ಕೆ ಮುನಿಸುಗಲ್ಲು ಮಾಳವೆಂದು ಹೆಸರು. ಸತ್ತ ವೀರನೇ ಮುನಿದಿದ್ದಾನೆಂದು ಹೊರಗಿನಿಂದ ಬಂದವರು ತಿಳಿಯುತ್ತಾರೆ. ನಡೆದದ್ದು ಬೇರೆ ಎಂದು ನನ್ನ ಸೋದರಮಾವ ಹೇಳುತ್ತಿದ್ದರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕಣಿವೆ ಕಾಯಲು ಹಟ್ಟಿಯಿಂದ ಹದಿನೆಂಟು ಮಂದಿ ಹೋದರು. ಜೀವಸಹಿತ ಮರಳಿದವನು ಬೊಮ್ಮಣ್ಣ ಒಬ್ಬನೇ, ಅದೂ ಮುರಿದ ಕಾಲಿನಲ್ಲಿ. ಅವನ ಜೀವದ ಗೆಳೆಯ ಪಾಲನಾಯಕ ಅವನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದ. ಎರಡು ವರ್ಷದ ಮೇಲೆ ಪಾಲನ ಹೆಂಡತಿ ಮಾರಕ್ಕನನ್ನು ಬೊಮ್ಮಣ್ಣ ಸೀರೆ ಉಡಿಕೆಯ ಕ್ರಮದಲ್ಲಿ ಮದುವೆಯಾದ. ಬಾಳು ಚೆನ್ನಾಗಿಯೇ ಸಾಗಿತ್ತು ಎನ್ನುತ್ತಾರೆ. ಆದರೆ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಮಾರಕ್ಕ ತಲೆಗೆ ನೀರು ಹಾಕಿಕೊಂಡು ಮಾಳಕ್ಕೆ ಹೋಗುವಳು. ಪಾಲನ ಕಲ್ಲನ್ನು ತೊಳೆದು, ಎಣ್ಣೆ ಸವರಿ, ದೀಪ ಹಚ್ಚಿ, ಅದರ ಮುಂದೆ ಕೂತು ಏನೋ ಹೇಳಿಕೊಳ್ಳುವಳು. ಬೊಮ್ಮಣ್ಣ ಅದನ್ನು ದೂರದಿಂದ ನೋಡುತ್ತಿದ್ದ. ತನ್ನ ಕೂದಲು ನರೆಯುತ್ತಿತ್ತು, ಕುಂಟು ಹೆಚ್ಚುತ್ತಿತ್ತು. ಕಲ್ಲಿನೊಳಗೆ ಕತ್ತಿ ಎತ್ತಿ ನಿಂತವನಿಗೆ ಮಾತ್ರ ಇಪ್ಪತ್ತೆರಡು ದಾಟುತ್ತಿರಲಿಲ್ಲ. ಬದುಕಿರುವವನಾದರೆ ಎದುರು ನಿಂತು ಜಗಳವಾಡಬಹುದಿತ್ತು. ಏಳು ವರ್ಷ ಅವನ ಒಡಲು ಹೀಗೆಯೇ ಬೆಂದಿತು.

ಒಂದು ಮಧ್ಯಾಹ್ನ ಊರೆಲ್ಲ ರಾಗಿ ಕೊಯ್ಲಿನಲ್ಲಿದ್ದಾಗ ಬೊಮ್ಮಣ್ಣ ಹಾರೆ ಹಿಡಿದು ಮಾಳಕ್ಕೆ ಹೋದ. ಪಾಲನ ಕಲ್ಲಿನ ಬುಡ ಸಡಿಲಿಸಿ, ಬಾಚಿ ತಬ್ಬಿ, ಅದರ ಮುಖವನ್ನು ಪಡುವಣಕ್ಕೆ ತಿರುಗಿಸಿ ಮಣ್ಣು ತುಳಿದ. ಮರುದಿನದ ಮಳೆ ಅಗೆದ ಗುರುತನ್ನು ಅಳಿಸಿತು.

ಅಮಾವಾಸ್ಯೆಯಂದು ಮಾರಕ್ಕ ದೀಪ ಹಚ್ಚದೆ ಮರಳಿದಳು. ಸುದ್ದಿ ಹಬ್ಬಿತು. ವೀರ ತಾನಾಗಿ ಬೆನ್ನು ತಿರುಗಿಸಿದ್ದಾನೆ, ಹೆಂಡತಿ ಇನ್ನೊಬ್ಬನ ಮನೆ ಸೇರಿದ್ದು ಅವನಿಗೆ ಒಪ್ಪಿಗೆಯಿಲ್ಲ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದರು. ಮಾರಕ್ಕ ಬೊಮ್ಮಣ್ಣನ ಮನೆ ಬಿಟ್ಟು ತವರಿಗೆ ಹೋಗಬೇಕು, ಇಲ್ಲವಾದರೆ ಊರಿಗೆ ಕೇಡು ಎಂದರು. ಮಾರಕ್ಕ ತಲೆ ತಗ್ಗಿಸಿ ನಿಂತಿದ್ದಳು. ತನ್ನಿಂದಲೇ ಹೀಗಾಯಿತೆಂದು ಅವಳೂ ನಂಬಿದ್ದಳು. ಅದನ್ನು ಕಂಡು ಬೊಮ್ಮಣ್ಣನಿಗೆ ತಡೆಯಲಾಗಲಿಲ್ಲ.

"ಕಲ್ಲು ತಿರುಗಿಸಿದವನು ನಾನು," ಎಂದ. "ಪಾಲನಿಗೆ ಮುನಿಸಿಲ್ಲ. ಸಾಯುವಾಗ ಅವನು ಹೇಳಿದ್ದೇ, ಮಾರಿಯನ್ನು ನೀನೇ ನೋಡಿಕೊ ಅಂತ."

ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಮಾರಕ್ಕ ಕೇಳಿದಳು.

"ಹೇಳಿದ್ದರೆ ನೀನು ಅವನ ಮಾತಿಗೆ ಕಟ್ಟುಬಿದ್ದು ಬರುತ್ತಿದ್ದೆ. ನನಗಾಗಿ ಬರಲಿ ಅಂತ ಸುಮ್ಮನಿದ್ದೆ."

"ನಿನ್ನ ಮನೆಗೆ ನಿನಗಾಗಿಯೇ ಬಂದೆ. ಮಾಳಕ್ಕೆ ಅವನಿಗಾಗಿ ಹೋದೆ. ಎರಡೂ ನನ್ನವೇ. ಯಾವುದನ್ನೂ ಬಿಡುವವಳಲ್ಲ ನಾನು," ಎಂದಳು.

ಹಿರಿಯರು ಬೊಮ್ಮಣ್ಣನ ಕೈಗೆ ಮತ್ತೆ ಹಾರೆ ಕೊಟ್ಟರು. ಮಲಗಿದವನ ನೆಲವನ್ನು ಇನ್ನೊಮ್ಮೆ ಅಗೆಯುವುದು ಬೇಡವೆಂದು ಮಾರಕ್ಕನೇ ತಡೆದಳು. ಅಂದಿನಿಂದ ಅಮಾವಾಸ್ಯೆಗೆ ಇಬ್ಬರೂ ಹೋಗುತ್ತಿದ್ದರು. ಎಣ್ಣೆಯ ಗಿಂಡಿ ಹೊರುವುದು ಬೊಮ್ಮಣ್ಣನ ಪಾಲಿಗೆ ಬಂತು. ಅವನ ಹೊಟ್ಟೆಯುರಿ ಪೂರ್ತಿ ಆರಲಿಲ್ಲವಂತೆ. ಕಲ್ಲಿನ ಮುಂದೆ ಏನು ಹೇಳಿಕೊಳ್ಳುತ್ತೀ ಎಂದು ಮುದುಕನಾದ ಮೇಲೂ ಕೇಳುತ್ತಿದ್ದ. ಅವಳು ಒಮ್ಮೆಯೂ ಹೇಳಲಿಲ್ಲ.

ಬೊಮ್ಮಣ್ಣ ಚಳಿಜ್ವರದಿಂದ ತೀರಿಕೊಂಡ. ಕಾಳಗದಲ್ಲಿ ಸಾಯದವನಿಗೆ ಮಾಳದೊಳಗೆ ಜಾಗವಿರಲಿಲ್ಲ. ಮಾರಕ್ಕ ಪಡುವಣದ ಗಡಿಯಾಚೆ, ಪಾಲನ ಕಲ್ಲಿನ ನೇರ ಎದುರಿಗೆ ಅವನ ಗುಂಡಿ ತೋಡಿಸಿದಳು. ಆ ಮಣ್ಣಿನ ದಿಬ್ಬ ಈಗಲೂ ಇದೆ. ಕತ್ತಿ ಎತ್ತಿದ ಪಾಲ ಅದನ್ನೇ ನೋಡುತ್ತ ನಿಂತಿದ್ದಾನೆ. ಮಾರಕ್ಕನನ್ನು ಎಲ್ಲಿ ಹೂಳಿದರೆಂದು ಹಟ್ಟಿಯಲ್ಲಿ ಕೇಳಿದರೆ, ಅರ್ಧ ಊರು ಕಲ್ಲಿನ ಬಲಕ್ಕೆ ಬೆರಳು ತೋರಿಸುತ್ತದೆ, ಇನ್ನರ್ಧ ಊರು ದಿಬ್ಬದ ಎಡಕ್ಕೆ.