ಬಸ್ ನಿಲ್ದಾಣಕ್ಕೆ ವರ್ಗವಾದ ಚಕ್ರ

ಮೊಬೈಲಿನ ಪರದೆಯಲ್ಲಿ ಸುತ್ತುತ್ತ, "ಸ್ವಲ್ಪ ತಾಳಿ" ಎಂದು ಜನರನ್ನು ಸಮಾಧಾನ ಮಾಡುವ ಚಕ್ರಕ್ಕೆ ಬಸ್ ನಿಲ್ದಾಣದಲ್ಲಿ ಬಸ್ಸು ಬರುವುದನ್ನು ತೋರಿಸುವ ದೀಪದ ಬೋರ್ಡಿಗೆ ವರ್ಗವಾಯಿತು. ಹೋದದ್ದೇ ನುಣ್ಣಗೆ ಸುತ್ತತೊಡಗಿತು. ಬೋರ್ಡಿನ ತುಂಬ ಬರೀ ಕೆಂಪು ಕಲಸುಮೇಲೋಗರ.

"ಇದು ಕೆಟ್ಟಿದೆ, ಬಸ್ಸೂ ಬರೋ ಹಾಗಿಲ್ಲ," ಎಂದು ಅಜ್ಜಿಯೊಬ್ಬಳು ಚೀಲ ಎತ್ತಿಕೊಂಡು ಹೊರಟಳು. ಅವಳೂರಿಗೆ ಇದ್ದದ್ದೊಂದೇ ಬಸ್ಸು, ಅದು ಇನ್ನೇನು ಬರುವುದರಲ್ಲಿತ್ತು.

"ನೆಟ್ಟಗೆ ಸುತ್ತೋಕೂ ಬರಲ್ವೇನಯ್ಯಾ ನಿಂಗೆ?" ಚಕ್ರ ಬೋರ್ಡಿನ ಮೇಲೆ ರೇಗಿತು.

"ನನ್ನ ದೀಪಗಳು ಹತ್ತುತ್ತವೆ, ಆರುತ್ತವೆ. ನನಗೆ ಬರೋದು ಅಷ್ಟೇ ತಾಯಿ," ಎಂದಿತು ಬೋರ್ಡು.

ಅಜ್ಜಿ ಮೆಟ್ಟಿಲಿಳಿಯುತ್ತಿದ್ದಳು. ಚಕ್ರ ಸುತ್ತುವುದನ್ನೇ ಬಿಟ್ಟು ಮೂರು ಚುಕ್ಕಿಯಾಯಿತು. ಒಂದಾದ ಮೇಲೊಂದು ಹತ್ತಿತು, ಆರಿತು, ಮತ್ತೆ ಹತ್ತಿತು.

"ಓ, ಬಸ್ಸು ಬರ್ತಾ ಇದೆ ಅನ್ಸತ್ತೆ," ಎಂದು ಅಜ್ಜಿ ಮರಳಿ ಬಂದು ಕೂತಳು.

ಚಕ್ರ ವಾಪಸು ಬಂದಾಗ ಮೊಬೈಲು ಕೇಳಿತು, "ಅಲ್ಲೂ ಚೆನ್ನಾಗಿ ಸುತ್ತಿದ್ಯಾ?"

"ಸುತ್ತಲೇ ಇಲ್ಲ ಕಣೋ," ಎಂದಿತು ಚಕ್ರ ಹಾಯಾಗಿ. "ಅಜ್ಜಿಗೆ ಬಸ್ಸು ಸಿಕ್ತು."