ಬೆಳಗಿನ ಜಾವದ ಕಾವಲು

ಚೆಲುವರಾಯ ಊದುಬತ್ತಿ ಮಾಡುತ್ತಿದ್ದ. ಒಬ್ಬನೇ ಮಾಡುತ್ತಿದ್ದ.

ಗಂಧ ಕೂಡಿಸುವವನೂ ಅವನೇ, ಹಿಟ್ಟು ಕಲಸುವವನೂ ಅವನೇ, ಕಡ್ಡಿಗೆ ಹೊಸೆಯುವವನೂ ಅವನೇ. ನೆರಳಲ್ಲಿ ಒಣಗಿಸಿ, ಕಟ್ಟು ಕಟ್ಟಿ, ಹೆಗಲ ಮೇಲೆ ಹೊತ್ತು ಪೇಟೆಗೆ ಹೋಗಿ ಮಾರುವವನೂ ಅವನೇ.

ಕೋಳಿ ಕೂಗುವ ಮೊದಲೇ ಏಳುತ್ತಿದ್ದ. ಬಾಗಿಲು ಹಾಕಿಕೊಂಡು ಆ ದಿನದ ಗಂಧ ಕೂಡಿಸುತ್ತಿದ್ದ. ಆಮೇಲೆ ತಣ್ಣೀರ ಸ್ನಾನ, ಜಪ. ಬೆಳಕು ಹರಿಯುವಷ್ಟರಲ್ಲಿ ಹೊಸೆಯುವ ಮಣೆಯ ಮುಂದೆ ಕೂತಿರುತ್ತಿದ್ದ.

"ನೇಮ ಅಂದ್ರೆ ಚೆಲುವಂದು" ಎನ್ನುತ್ತಿದ್ದರು ಊರವರು.

ಹಾಗೆ ಹೊಗಳುವವರನ್ನೂ ಅವನು ಓರೆಗಣ್ಣಲ್ಲಿ ನೋಡುತ್ತಿದ್ದ. ಇವರಿಗೆ ನನ್ನಿಂದ ಏನಾಗಬೇಕಾಗಿದೆ?

ಮೊದಲು ಅವನು ಒಬ್ಬನೇ ಇರಲಿಲ್ಲ. ಚಿಕ್ಕಪ್ಪನ ಮಗ ಜವರ ಜೊತೆಗಿದ್ದ. ಇಬ್ಬರೂ ಒಂದೇ ಮಣೆಯ ಮುಂದೆ ಕೂತು ಕಸುಬು ಕಲಿತವರು.

ಒಂದು ವರ್ಷ ಜವರನ ರೀತಿ ಬದಲಾಯಿತು. ಮಾತೆತ್ತಿದರೆ, "ಅಣ್ಣ, ಇದಕ್ಕೆ ಏನೇನು ಹಾಕ್ದೆ? ಎಷ್ಟೆಷ್ಟು ಹಾಕ್ದೆ?" ಎಂದು ಕೇಳತೊಡಗಿದ.

ಅಷ್ಟರಲ್ಲೇ ಪೇಟೆಯಲ್ಲಿ ಬೇರೆ ಯಾರದೋ ಊದುಬತ್ತಿ ಬಂತು. ಅದರ ಪರಿಮಳ ಥೇಟ್ ಚೆಲುವರಾಯನ ಬತ್ತಿಯದೇ.

ಚೆಲುವರಾಯ ಎರಡನ್ನೂ ಕೂಡಿಸಿ ನೋಡಿದ. ಜವರನನ್ನು ಹೊಸಿಲಾಚೆ ನಿಲ್ಲಿಸಿ, "ಉಂಡ ಮನೆಗೆ ಕನ್ನ ಹಾಕಿದೆ" ಎಂದ. ಜವರ ಬಾಯಿ ತೆರೆಯಲು ಹೋದ. ಬಾಗಿಲು ಮುಚ್ಚಿತ್ತು.

ಅವತ್ತಿನಿಂದ ಗಂಧದ ಕೋಣೆಗೆ ಬೀಗ. ಕೀಲಿ ಚೆಲುವರಾಯನ ಕೊರಳಲ್ಲಿ.

ವರ್ಷಗಳು ಹೋದವು. ಒಂದು ಬೇಸಿಗೆ ಚೆಲುವರಾಯ ಗಂಧ ಕೂಡಿಸುತ್ತ ಕೂತಲ್ಲೇ ತೂಕಡಿಸಿದ. ಯಾವುದು ಹಾಕಿದೆ, ಯಾವುದು ಬಿಟ್ಟೆ ತಿಳಿಯಲಿಲ್ಲ. ಆ ಬತ್ತಿಗಳು ಹೊತ್ತಿದರೆ ಕಣ್ಣುರಿ ಬರುವಂಥ ಹೊಗೆ. ಅಂಗಡಿಯವರು ಎಲ್ಲವನ್ನೂ ವಾಪಸು ಕಳಿಸಿದರು.

ಜಪಕ್ಕೆ ಕೂತರೂ ಅಷ್ಟೆ. ಕೈಯಲ್ಲಿ ಮಣಿ ಸರಿಯುತ್ತಿತ್ತು, ಕಿವಿ ಬಾಗಿಲ ಹತ್ತಿರ ಇರುತ್ತಿತ್ತು.

ಹೊಳೆಯ ದಂಡೆಯಲ್ಲಿ ಸಿದ್ದಮ್ಮ ಎಂಬ ಮುದುಕಿಯ ಆಶ್ರಮವಿತ್ತು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ಚೆಲುವರಾಯ ಅಲ್ಲಿಗೆ ಹೋಗಿ ಕಾಲಿಗೆ ಬಿದ್ದ.

"ಅವ್ವ, ಕಸುಬು ಹಿಡಿದರೆ ನೇಮ ಕೈಬಿಡುತ್ತೆ. ನೇಮ ಹಿಡಿದರೆ ಕಸುಬು ಕೆಡುತ್ತೆ. ಒಬ್ಬನೇ ಎರಡನ್ನೂ ಹೇಗೆ ಹೊರಲಿ?"

"ಎಷ್ಟು ಹೊತ್ತಿಗೆ ಏಳ್ತೀಯ?"

"ಎಲ್ಲರಿಗಿಂತ ಮುಂಚೆ ಏಳ್ತೀನಿ ಅವ್ವ. ಬ್ರಾಹ್ಮೀ ಮುಹೂರ್ತದಲ್ಲಿ."

"ಆ ಹೊತ್ತಲ್ಲಿ ದೇವರನ್ನ ನೆನೆಯೋನೂ ಎದ್ದಿರ್ತಾನೆ. ಕನ್ನ ಹಾಕೋನೂ ಎದ್ದಿರ್ತಾನೆ. ಕನ್ನ ಬೀಳದಂಗೆ ಕಾಯೋನೂ ಎದ್ದಿರ್ತಾನೆ. ನೀನು ಯಾವನು?"

ಚೆಲುವರಾಯನಿಗೆ ಈ ಮುದುಕಿ ಏನನ್ನೋ ಕೆದಕುತ್ತಿದ್ದಾಳೆ ಅನ್ನಿಸಿತು.

"ಸ್ವಲ್ಪ ದಿನ ಇಲ್ಲಿರು" ಎಂದರು ಅವ್ವ. "ಇಲ್ಲಿ ನಿನಗೆ ಒಂದೇ ನೇಮ. ಮುಖದ ಮೇಲೆ ಬಿಸಿಲು ಬೀಳೋ ತನಕ ಹಾಸಿಗೆ ಬಿಟ್ಟು ಏಳಬಾರದು."

ಬೇಗ ಏಳು ಎನ್ನುವ ಗುರುಗಳನ್ನು ಅವನು ಕಂಡಿದ್ದ. ಮಲಗು ಎನ್ನುವ ಗುರುವನ್ನು ಕಂಡಿರಲಿಲ್ಲ. ನಾನು ಮಲಗಿದ್ದರೆ ಲಾಭ ಯಾರಿಗೆ?

ಕೂಡಿಸಿದ ಗಂಧದ ಡಬ್ಬಿಯನ್ನು ಅವನು ಬೀಗ ಹಾಕಿ ಜೊತೆಗೇ ತಂದಿದ್ದ. ಮನೆಯಲ್ಲಿ ಬಿಟ್ಟು ಬರಲು ಧೈರ್ಯ ಸಾಲದೆ ತಂದದ್ದು. ಜಗಲಿಯಲ್ಲಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ.

ಅಭ್ಯಾಸದ ಕಣ್ಣು ಕತ್ತಲಿರುವಾಗಲೇ ಬಿಟ್ಟುಕೊಂಡಿತು. ಅವನು ಅಲುಗಾಡಲಿಲ್ಲ.

ಒಳಬಾಗಿಲು ಕಿರ್ರೆಂದಿತು. ಅವ್ವನ ಹೆಜ್ಜೆ ಹತ್ತಿರ ಬಂತು. ಅವನ ತಲೆಯ ಬಳಿ ಒಂದು ಗಳಿಗೆ ನಿಂತಿತು. ಮತ್ತೆ ಹೊಳೆಯ ಮೆಟ್ಟಿಲಿನ ಕಡೆ ಇಳಿದು ಹೋಯಿತು.

ಚೆಲುವರಾಯ ಡಬ್ಬಿ ತಡವಿದ. ಬೀಗ ಹಾಗೇ ಇತ್ತು.

ಬೆಳಿಗ್ಗೆ ಅವನು ಕೇಳಿದ: "ಅವ್ವ, ಕತ್ತಲಲ್ಲೇ ಹೊಳೆಗೆ ಹೋಗಿದ್ರಾ?"

"ನಂದೂ ಒಂದು ನೇಮ ಇದೆ."

"ಎಂಥ ನೇಮ?"

"ನೀನು ಮಲಗಿದ್ದೆಯಲ್ಲ ಮಗ. ನಾನು ಹೋಗಿದ್ದು ನಿನಗೆ ಹೇಗೆ ಗೊತ್ತಾಯ್ತು?"

ಅವನ ಮುಖ ಬಿಸಿಯಾಯಿತು. ಬಾಯಿ ಕಟ್ಟಿಹಾಕುವ ಜಾಣತನ ಎಂದುಕೊಂಡ.

ಮರುದಿನ ಅರೆಗಣ್ಣು ಬಿಟ್ಟು ನೋಡಿದ. ಅವ್ವನ ಸೆರಗಿನ ಮರೆಯಲ್ಲಿ ಏನೋ ಗಂಟು ಇತ್ತು. ಅವರು ಇಳಿದು ಹೋದ ಮೇಲೆ ಹೊಳೆಯ ಕಡೆಯಿಂದ ಗಂಡಸಿನ ದನಿ ಕೇಳಿಸಿತು.

ಆ ದನಿ ಅವನಿಗೆ ಗೊತ್ತಿತ್ತು. ಜವರ.

ಚೆಲುವರಾಯನ ಎದೆಯಲ್ಲಿ ಎಲ್ಲ ತಾಳೆಯಾಯಿತು. ಮಲಗು ಎಂದದ್ದು ಇದಕ್ಕೆ. ತಲೆಯ ಬಳಿ ನಿಂತದ್ದು ಇದಕ್ಕೆ. ಸೆರಗಿನೊಳಗಿನ ಗಂಟೂ ಇದೇ. ಜವರ ಈ ಮುದುಕಿಯನ್ನು ಒಳಗೆ ಹಾಕಿಕೊಂಡಿದ್ದಾನೆ.

ಹಗಲಿಡೀ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಎರಡು ಸಲ ಬೀಗ ತೆಗೆದು ಮೂಸಿದ. ಒಂದು ಚಿಟಿಕೆ ಕಮ್ಮಿಯಾದಂತೆ ಕಂಡಿತು. ಮತ್ತೆ ನೋಡಿದರೆ ಹಾಗೇ ಇದ್ದಂತೆಯೂ ಕಂಡಿತು.

ಅವ್ವ ಊಟಕ್ಕೆ ಕರೆದರು. ಅವರು ಮೊದಲು ಒಂದು ತುತ್ತು ಬಾಯಿಗಿಡುವವರೆಗೆ ಅವನು ಎಲೆ ಮುಟ್ಟಲಿಲ್ಲ. ಅವ್ವ ಅದನ್ನು ನೋಡಿದರು.

ಮೂರನೆಯ ಬೆಳಗಿನ ಜಾವ ಅವನು ಅವ್ವನ ಹಿಂದೆಯೇ ಹೊರಟ. ಡಬ್ಬಿ ಕಂಕುಳಲ್ಲಿತ್ತು. ಹೊಂಗೆ ಮರದ ಹಿಂದೆ ಅಡಗಿ ನಿಂತ.

ಕೆಳಗೆ ಕಡವಿನಲ್ಲಿ ಹರಿಗೋಲು ಬೋರಲು ಹಾಕಿತ್ತು. ಪಕ್ಕದ ಗುಡಿಸಲಿನಿಂದ ಜವರ ಹೊರಗೆ ಬಂದ. ಬಡಕಲಾಗಿದ್ದ. ಕೈಯಲ್ಲಿ ಒಂದು ಮಡಕೆ ಹಿಡಿದಿದ್ದ.

ಈಗ ಗಂಟು ಕೈ ಬದಲಾಗುತ್ತದೆ ಎಂದು ಚೆಲುವರಾಯ ಉಸಿರು ಬಿಗಿಹಿಡಿದ.

ಜವರ ಮಡಕೆಯನ್ನು ಅವ್ವನ ಮುಖದ ಹತ್ತಿರ ಹಿಡಿದ. ಅವ್ವ ಬಗ್ಗಿ ಮೂಸಿದರು. ತಲೆ ಆಡಿಸಿದರು.

"ಹಳಸಿದೆ ಕಣೋ."

"ನಿನ್ನೆ ಸಂಜೆ ಮಾಡಿದ್ದವ್ವ. ಚೆನ್ನಾಗೇ ಇರಬೇಕಿತ್ತು."

"ಸೆಕೆ ಅಲ್ವ. ಇಡು ಅತ್ಲಾಗೆ, ಮೀನಿಗೆ ಹಾಕು."

ಅವ್ವ ಸೆರಗಿನಿಂದ ಗಂಟು ತೆಗೆದರು. ಬಟ್ಟೆ ಬಿಚ್ಚಿದಾಗ ರಾಗಿ ರೊಟ್ಟಿ ಕಂಡಿತು. ಇನ್ನೂ ಹಬೆಯಾಡುತ್ತಿತ್ತು.

ಹಳಸಿದ ಅನ್ನದ ವಾಸನೆ ಮರದ ಹಿಂದೆ ನಿಂತಿದ್ದ ಚೆಲುವರಾಯನ ಮೂಗಿಗೆ ಬಡಿಯುತ್ತಿತ್ತು. ಅಷ್ಟು ದೂರಕ್ಕೆ. ಆ ಮಡಕೆಯನ್ನು ಕೈಯಲ್ಲಿ ಹಿಡಿದವನಿಗೆ ಅದು ತಿಳಿದಿರಲಿಲ್ಲ.

ಜವರ ರೊಟ್ಟಿ ತಿಂದ. ಹರಿಗೋಲನ್ನು ನೀರಿಗೆ ದೂಡಿ, ಆಚೆ ದಡದಲ್ಲಿ ಕಾಯುತ್ತಿದ್ದವರನ್ನು ಕರೆತರಲು ಹುಟ್ಟು ಹಾಕುತ್ತ ಹೋದ.

ಅವ್ವ ತಿರುಗದೆಯೇ ಹೇಳಿದರು: "ಆ ಹೊಂಗೆ ಮರದ ಬುಡದಲ್ಲಿ ಕಟ್ಟಿರುವೆ ಜಾಸ್ತಿ. ಈಚೆ ಬಾ."

ಚೆಲುವರಾಯ ಬಂದು ಮೆಟ್ಟಿಲ ಮೇಲೆ ಕೂತ.

"ಅವನ ಮೂಗು?"

"ಸತ್ತಿದೆ. ಒಂದು ಸಲ ಕೆಟ್ಟ ಜ್ವರ ಬಂದಿತ್ತಂತೆ. ಜ್ವರ ಹೋಯ್ತು, ಮೂಗನ್ನೂ ಕರ್ಕೊಂಡು ಹೋಯ್ತು. ಇಲ್ಲಿಗೆ ಬಂದ ಹೊಸದರಲ್ಲಿ ಹಳಸಿದ್ದು ತಿಂದು ಸಾಯೋ ಹಂಗಾಗಿದ್ದ."

ಚೆಲುವರಾಯನಿಗೆ ಆ ಜ್ವರ ನೆನಪಿತ್ತು. ತಾನೇ ಕಷಾಯ ಕಾಸಿ ಕುಡಿಸಿದ್ದ. ಅದಾದ ಮೇಲೆಯೇ ಜವರ ಕೇಳತೊಡಗಿದ್ದು: ಅಣ್ಣ, ಇದಕ್ಕೆ ಏನೇನು ಹಾಕ್ದೆ?

ಮೂಗು ಹೋದದ್ದನ್ನು ಹೇಳಿಕೊಳ್ಳಲು ನಾಚಿಕೆಪಟ್ಟವನು ವಾಸನೆಯ ಬದಲು ಕೈಯಳತೆಯಲ್ಲಿ ಕಸುಬು ಉಳಿಸಿಕೊಳ್ಳಲು ನೋಡಿದ್ದ.

ಆದರೂ ಒಳಗಿನ ಹುಳ ಸುಮ್ಮನಿರಲಿಲ್ಲ. "ಹಾಗಾದರೆ ಪೇಟೆಯಲ್ಲಿ ನನ್ನ ಪರಿಮಳದ ಬತ್ತಿ ಮಾರಿದ್ದು ಯಾರು?"

"ಶ್ರೀಗಂಧ, ಲಾವಂಚ, ಸಾಂಬ್ರಾಣಿ, ಇವನ್ನೆಲ್ಲ ನೀನೇ ಹುಟ್ಟಿಸಿದ್ದಾ?"

ಅವನು ತಲೆ ತಗ್ಗಿಸಿದ.

"ಅವ್ವ, ಬಂದ ದಿನವೇ ಇದನ್ನ ಹೇಳಬಹುದಿತ್ತಲ್ಲ."

"ಹೇಳಿದ್ರೆ ನಂಬ್ತಿದ್ದೆಯಾ?"

ಹೊಳೆ ಹರಿಯುತ್ತಿತ್ತು. ನಂಬುತ್ತಿರಲಿಲ್ಲ ಎಂದು ಅವನಿಗೇ ಗೊತ್ತಿತ್ತು.

"ಮೊದಲ ದಿನ ನನ್ನ ತಲೆಯ ಹತ್ತಿರ ಯಾಕೆ ನಿಂತ್ರಿ?"

"ಹೊದಿಕೆ ಜಾರಿತ್ತು. ಹೊದಿಸೋಣ ಅಂತ ಬಗ್ಗಿದೆ. ಎಚ್ಚರ ಇರೋನಿಗೆ ಹೊದಿಸೋದು ಹೇಗೆ ಅಂತ ಸುಮ್ಮನಾದೆ."

ಮರುದಿನ ಕತ್ತಲಿರುವಾಗಲೇ ಅವ್ವ ಅವನನ್ನು ತಟ್ಟಿ ಎಬ್ಬಿಸಿದರು. ರೊಟ್ಟಿಯ ಗಂಟು ಕೈಗಿಟ್ಟರು.

"ನನಗೆ ಮಂಡಿ ನೋವು. ಇವತ್ತು ನೀನು ಹೋಗಿ ಮೂಸಿ ಬಾ."

ಚೆಲುವರಾಯ ಮೆಟ್ಟಿಲಿಳಿದ. ಜವರ ಮಡಕೆ ಹಿಡಿದು ಬಂದವನು ಅವನನ್ನು ನೋಡಿ ನಿಂತುಬಿಟ್ಟ. ಮಡಕೆಯನ್ನು ಹಿಂದಕ್ಕೆ ಎಳೆದುಕೊಂಡ.

"ಕೊಡು" ಎಂದ ಚೆಲುವರಾಯ.

"ಯಾಕೆ?"

"ಅವ್ವ ಕಳಿಸಿದ್ರು."

ಜವರ ಅವನ ಮುಖವನ್ನು ಹುಡುಕಿ ನೋಡಿದ. ಇದರಲ್ಲಿ ಏನು ಮಸಲತ್ತಿದೆಯೋ ಎನ್ನುವ ನೋಟ. ಚೆಲುವರಾಯ ಆ ನೋಟವನ್ನು ಗುರುತು ಹಿಡಿದ. ಇಷ್ಟು ವರ್ಷ ತಾನು ಲೋಕವನ್ನೆಲ್ಲ ಹಾಗೇ ನೋಡಿದ್ದ. ಅದನ್ನು ಎದುರಿಗೆ ನಿಂತು ಸಹಿಸುವುದು ಹೇಗಿರುತ್ತದೆ ಎಂದು ಇವತ್ತೇ ತಿಳಿದದ್ದು.

ಕೊನೆಗೆ ಜವರ ಮಡಕೆ ಚಾಚಿದ. ಚೆಲುವರಾಯ ಬಗ್ಗಿ ಮೂಸಿದ.

"ಚೆನ್ನಾಗಿದೆ. ತಿನ್ನಬಹುದು."

"ನಿಜ ತಾನೆ?"

ಚೆಲುವರಾಯ ಮಡಕೆಗೆ ಕೈಹಾಕಿ ಒಂದು ತುತ್ತು ತೆಗೆದು ತಾನೇ ತಿಂದ. ಜವರ ಅದನ್ನು ನೋಡಿದ ಮೇಲೆ ಕೂತ. ಇಬ್ಬರೂ ಅನ್ನವನ್ನೂ ರೊಟ್ಟಿಯನ್ನೂ ಹಂಚಿಕೊಂಡು ತಿಂದರು.

"ಜವರ, ನಾನು ತಪ್ಪು ಮಾಡ್ದೆ."

ಜವರ ಬೆರಳು ನೆಕ್ಕಿಕೊಂಡ. "ಹೂಂ" ಎಂದ.

"ಮನೆಗೆ ಬಾ. ನಿನ್ನ ಕೈಯಷ್ಟು ಚುರುಕಾಗಿ ಹೊಸೆಯೋರು ಇಲ್ಲ. ಮೂಸೋಕೆ ನಾನಿದ್ದೀನಿ."

"ಕೈಲಾಗ್ತಿಲ್ಲ ಅಂತ ಕರೀತಿದ್ದೀಯೋ, ನಂಬಿಕೆ ಬಂದು ಕರೀತಿದ್ದೀಯೋ?"

ಚೆಲುವರಾಯ ಸುಳ್ಳು ಹೇಳಲಿಲ್ಲ. "ನನಗೇ ಗೊತ್ತಿಲ್ಲ" ಎಂದ.

"ಗೊತ್ತಾದ ಮೇಲೆ ಬಂದು ಕರಿ. ಈಗ ಜನ ಕಾಯ್ತಾವ್ರೆ." ಜವರ ಹರಿಗೋಲನ್ನು ಮಗುಚಿ ನೀರಿಗೆ ದೂಡಿದ. ನಾಲ್ಕು ಮಾರು ಹೋದವನು ಕೂಗಿ ಕೇಳಿದ: "ಅಣ್ಣ, ನಾಳೆ ಮೂಸೋಕೆ ಯಾರು ಬರ್ತಾರೆ?"

"ನಾನೇ."

ಅವನು ಮೇಲೆ ಬಂದಾಗ ಬಿಸಿಲು ಜಗಲಿಗೆ ಬಂದಿತ್ತು. ಗಂಧದ ಡಬ್ಬಿ ಅವನು ಮಲಗಿದ್ದ ಕಡೆಯೇ ಬಿದ್ದಿತ್ತು. ಅದನ್ನು ಜೊತೆಗೆ ಒಯ್ಯಲು ಮರೆತಿದ್ದ. ಈಗಲೂ ಕೈ ತಾನಾಗಿ ಬೀಗದ ಕಡೆ ಹೋಯಿತು. ಅರ್ಧಕ್ಕೆ ನಿಂತಿತು.

ಅವ್ವ ಕಂಬಕ್ಕೆ ಒರಗಿ ಕೂತಿದ್ದರು. ಮಂಡಿ ನೋವಿನ ಗುರುತು ಏನೂ ಕಾಣಲಿಲ್ಲ.

"ಅವ್ವ, ಕೆಲವು ದಿನ ಇಲ್ಲೇ ಇದ್ದು ಅವನ ಮಡಕೆ ನೋಡ್ಕೋತೀನಿ. ಆಮೇಲೆ ಊರಿಗೆ ಹೋಗಿ ಕಸುಬು ಶುರು ಮಾಡ್ತೀನಿ."

"ಮಾಡು."

"ಒಂದು ಹೇಳಿ. ಕಸುಬಿಗೂ ಆಗಬೇಕು, ಜಪಕ್ಕೂ ಆಗಬೇಕು. ಇನ್ನು ಮೇಲೆ ನಾನು ಎಷ್ಟು ಹೊತ್ತಿಗೆ ಏಳಲಿ?"

ಅವ್ವ ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು.

"ನಿದ್ದೆ ಮುಗಿದ ಮೇಲೆ, ಮಗ."